ಅಂಕಪಟ್ಟಿ ಮೇಲಿನ ಹೆಸರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಾಲೇಜುಗಳ ಮಕ್ಕಳ ಅಂಕಪಟ್ಟಿ ಮೇಲೆ ಕುವೆಂಪು ಹೆಸರಿದೆ. ಅದನ್ನು ಹಿಡಿದು ಬಸ್ಸು ಹತ್ತುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಈ ಕವಿ ಒಂದು ವಿಶ್ವವಿದ್ಯಾನಿಲಯವನ್ನೇ ನಡೆಸಿದವರು ಅಂತ?

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆಯ ಹುಡುಗ ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು. ತೀರ್ಥಹಳ್ಳಿಯಲ್ಲಿ ಓದಿ ಮೈಸೂರು ಸೇರಿದರು. ಆಗ ವಿದ್ಯೆ ಅಂದ್ರೆ ಇಂಗ್ಲಿಷು. 1922ರಲ್ಲಿ ಇವರು ತಂದ ಮೊದಲ ಪದ್ಯದ ಪುಸ್ತಕವೂ ಇಂಗ್ಲಿಷೇ! ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬುದ್ಧಿ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು.

ಕನ್ನಡ ಎಂ.ಎ. ಮುಗಿಸಿ 1929ರಲ್ಲಿ, ತಾವು ಓದಿದ ಮಹಾರಾಜ ಕಾಲೇಜಿನಲ್ಲೇ ಮೇಷ್ಟರಾದರು. 1955ರಲ್ಲಿ ಅಲ್ಲೇ ಪ್ರಿನ್ಸಿಪಾಲ್. 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೇ ವೈಸ್ ಛಾನ್ಸಲರ್.

ಕುರ್ಚಿ ಸಿಕ್ಕಿತೆಂದು ಸುಮ್ಮನೆ ಕೂರಲಿಲ್ಲ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲಿ ದೊಡ್ಡ ಓದಿಗೆಂದೇ ಜಾಗ ಮಾಡಿಸಿ, ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಇಂಗ್ಲಿಷ್ ಬಾರದೆ ಫೇಲಾಗಿ ಹಳ್ಳಿಗೆ ಮರಳುವ ಹುಡುಗರ ಸಂಕಟ ಅವರನ್ನು ಕಾಡುತ್ತಿತ್ತು. ಕಾಲೇಜಿನಲ್ಲೂ ಕನ್ನಡದಲ್ಲೇ ಪಾಠ ಆಗಬೇಕೆಂಬ ಹಟವನ್ನು 1960ರಲ್ಲಿ ನಿವೃತ್ತರಾದ ಮೇಲೂ ಬಿಡಲಿಲ್ಲ.

1987ರಲ್ಲಿ ನಮ್ಮ ಜಿಲ್ಲೆಯ ಶಂಕರಘಟ್ಟಕ್ಕೇ ವಿಶ್ವವಿದ್ಯಾನಿಲಯ ಬಂತು, ಅವರು ಬದುಕಿರುವಾಗಲೇ ಅವರ ಹೆಸರಿನಲ್ಲಿ. 1994ರ ನವೆಂಬರ್ 11ರಂದು ತೀರಿಕೊಂಡ ಅವರ ಅಂತ್ಯಸಂಸ್ಕಾರ ಕುಪ್ಪಳಿಯ ಕವಿಶೈಲದಲ್ಲೇ ಆಯಿತು.

ಹೆಸರಿಡುವುದೇನೋ ಸುಲಭ. ಹಳ್ಳಿ ಹುಡುಗನಿಗೆ ತಿಳಿಯುವ ಮಾತಿನಲ್ಲಿ ದೊಡ್ಡ ವಿದ್ಯೆ ಕಲಿಸುವ ಕೆಲಸ? ಆ ಲೆಕ್ಕ ಮಾತ್ರ ಇನ್ನೂ ಬಾಕಿ.