ನಿತ್ಯತೆಯ ಲೆಕ್ಕಿಗ ಜೆ. ಸಿ. ಕುಮಾರಪ್ಪ

ಜೆ. ಸಿ. ಕುಮಾರಪ್ಪನವರು 1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಮೊದಲಿನ ಹೆಸರು ಜೋಸೆಫ್ ಚೆಲ್ಲದುರೈ ಕಾರ್ನೀಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತು ಮುಂಬಯಿಯಲ್ಲಿ ಅದೇ ವೃತ್ತಿಯನ್ನು ಕೈಗೊಂಡರು. ಮುಂದೆ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್‌ಮನ್ನರ ಶಿಷ್ಯರಾಗಿ ಸಾರ್ವಜನಿಕ ಹಣಕಾಸನ್ನು ಅಭ್ಯಾಸ ಮಾಡುವಾಗ, ಭಾರತದ ಬಡತನಕ್ಕೂ ಬ್ರಿಟಿಷ್ ಆಡಳಿತದ ಹಣಕಾಸು ನೀತಿಗೂ ಇರುವ ನಂಟು ಅವರಿಗೆ ನಿಚ್ಚಳವಾಯಿತು. ಆ ಅಧ್ಯಯನದೊಡನೆ 1929ರಲ್ಲಿ ಸಾಬರಮತಿಗೆ ಹೋಗಿ ಗಾಂಧೀಜಿಯವರನ್ನು ಕಂಡರು. ವಿದೇಶಿ ಉಡುಪು ಕಳಚಿತು, ಖಾದಿ ಬಂದಿತು.

ಗಾಂಧೀಜಿ ಅವರಿಗೆ ಗುಜರಾತಿನ ಮಾತರ್ ತಾಲ್ಲೂಕಿನ ಆರ್ಥಿಕ ಸಮೀಕ್ಷೆಯನ್ನು ವಹಿಸಿದರು. ವ್ಯಾಪಾರಿಗಳ ಖಾತೆಗಳನ್ನು ಪರಿಶೀಲಿಸುತ್ತಿದ್ದ ಕಣ್ಣು ಈಗ ರೈತರ ಆದಾಯ, ಸಾಲ, ಕಂದಾಯಗಳನ್ನು ಪರಿಶೀಲಿಸಿತು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪನೆಯಾದಾಗ ಅದರ ಹೊಣೆಯನ್ನು ಹೊತ್ತು ವಾರ್ಧಾದ ಮಗನವಾಡಿಯಲ್ಲಿ ನೆಲೆಸಿದರು. ಎತ್ತಿನ ಗಾಣ, ಕೈಕುಟ್ಟಿನ ಅಕ್ಕಿ, ಕೈಕಾಗದ ಇವೆಲ್ಲ ಅಲ್ಲಿ ಪ್ರಯೋಗಕ್ಕೆ ಒಳಗಾದವು. ಸೀಮೆಎಣ್ಣೆಯ ಬದಲು ಸಸ್ಯಜನ್ಯ ಎಣ್ಣೆಯಿಂದ ಉರಿಯುವ ಮಗನದೀಪವೆಂಬ ಲಾಂದ್ರವೂ ಅಲ್ಲಿಯೇ ರೂಪುಗೊಂಡಿತು.

ಆ ಪುಟ್ಟ ದೀಪದಲ್ಲಿ ಅವರ ಅರ್ಥಶಾಸ್ತ್ರವೆಲ್ಲ ಅಡಗಿದೆ. ಎಣ್ಣೆಕಾಳು ವರ್ಷವರ್ಷವೂ ಬೆಳೆಯುತ್ತದೆ. ನೆಲದೊಳಗಿನ ಎಣ್ಣೆ ತೆಗೆದಷ್ಟೂ ತೀರುತ್ತದೆ. ಮೊದಲನೆಯದನ್ನು ಅವರು ಹರಿವಿನ ಸಂಪತ್ತೆಂದೂ ಎರಡನೆಯದನ್ನು ಕೂಡಿಟ್ಟ ಸಂಪತ್ತೆಂದೂ ಬೇರ್ಪಡಿಸಿದರು. ತೀರುವ ಸಂಪತ್ತನ್ನು ನೆಚ್ಚಿದ ನಾಡುಗಳು ಅದಕ್ಕಾಗಿ ಕಾದಾಡದೆ ಇರಲಾರವು ಎಂಬುದು ಅವರ ನಿಲುವಾಗಿತ್ತು. 1942ರ ಚಳವಳಿಯ ಬಳಿಕ ಜಬಲ್‌ಪುರದ ಸೆರೆಮನೆಯಲ್ಲಿದ್ದಾಗ ಈ ವಿಚಾರಗಳನ್ನು ಬರೆದಿಟ್ಟರು. 1945ರಲ್ಲಿ ಪ್ರಕಟವಾದ ಆ ಗ್ರಂಥವೇ ‘ಎಕಾನಮಿ ಆಫ್ ಪರ್ಮನೆನ್ಸ್’. ಪರಾವಲಂಬನೆಯಿಂದ ಸುಲಿಗೆಗೆ, ಸುಲಿಗೆಯಿಂದ ದುಡಿಮೆಗೆ, ದುಡಿಮೆಯಿಂದ ಕೂಡುಬಾಳ್ವೆಗೆ, ಅಲ್ಲಿಂದ ಸೇವೆಗೆ ಏರುವ ಐದು ಮೆಟ್ಟಿಲುಗಳನ್ನು ಅದರಲ್ಲಿ ಕಾಣಿಸಿದ್ದಾರೆ.

ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸು ನೇಮಿಸಿದ ಭೂಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರಾದರು. 1949ರ ವರದಿಯು ಉಳುವವನ ಹಕ್ಕನ್ನು ಎತ್ತಿಹಿಡಿಯಿತು. ಆದರೆ ದೇಶವು ಬೃಹತ್ ಕೈಗಾರಿಕೆಯ ಹಾದಿಯನ್ನು ಹಿಡಿಯಿತು. ತಮ್ಮವರೇ ಆಳುವ ನಾಡಿನಲ್ಲಿ ಅವರ ಮಾತು ಒಂಟಿ ದನಿಯಾಯಿತು. ಅವರು ದನಿಯನ್ನು ತಗ್ಗಿಸಲಿಲ್ಲ, ಪದವಿಯನ್ನೂ ಅರಸಲಿಲ್ಲ. ಕೊನೆಯ ವರ್ಷಗಳನ್ನು ಮದುರೆಯ ಬಳಿಯ ಟಿ. ಕಲ್ಲುಪಟ್ಟಿಯ ಗಾಂಧಿ ನಿಕೇತನ ಆಶ್ರಮದಲ್ಲಿ ಕಳೆದರು. 1960ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನದಂದೇ, ಅವರೂ ಕಣ್ಮುಚ್ಚಿದರು.

ಇಂದು ಕಾಡು ಕಡಿದರೆ ಮರದ ಬೆಲೆ ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ಸೇರುತ್ತದೆ. ಕಾಡು ಇಲ್ಲವಾದ ನಷ್ಟ ಅದರಿಂದ ಕಳೆಯುವುದಿಲ್ಲ. ಬಂಡವಾಳವನ್ನೇ ಕರಗಿಸಿ ಲಾಭವೆಂದು ಬರೆದ ಖಾತೆಗೆ ಯಾವ ಲೆಕ್ಕಪರಿಶೋಧಕನೂ ಒಪ್ಪಿಗೆಯ ಸಹಿ ಹಾಕಲಾರ. ಬೆಳವಣಿಗೆಯ ದರವನ್ನೇ ಗುರಿಯಾಗಿಸಿಕೊಂಡ ನೀತಿಯ ಮುಂದೆ ಕುಮಾರಪ್ಪನವರ ಬಾಳು ಇಟ್ಟುಹೋದ ಆಕ್ಷೇಪಣೆ ಇದೇ. ಅದಕ್ಕೆ ಉತ್ತರ ಬರೆಯುವ ಸರದಿ ಈಗ ನಮ್ಮದು.