ವಿಠ್ಠಲನ ಸನ್ನಿಧಿಯಲ್ಲಿ ತುಕಾರಾಮರ ಮೊರೆ

ಪುರಂದರದಾಸರ ಅಂಕಿತದಲ್ಲಿ ನೆಲೆಸಿರುವ ವಿಠ್ಠಲನನ್ನೇ ಮರಾಠಿಯಲ್ಲಿ ಹಾಡಿ ಕೊಂಡಾಡಿದ ಸಂತ ತುಕಾರಾಮರು ಪುಣೆಯ ಸಮೀಪ, ಇಂದ್ರಾಯಣಿ ನದೀತೀರದ ದೇಹು ಗ್ರಾಮದವರು. ಅವರ ಜನನವು 1608ರಲ್ಲಿ ಆಯಿತೆಂಬುದು ಬಹುಜನರ ಅಭಿಪ್ರಾಯ. ಮನೆತನವು ಕುಣಬಿಯರದು, ಜೀವನೋಪಾಯವು ವ್ಯಾಪಾರ ಮತ್ತು ಲೇವಾದೇವಿ. ತಾರುಣ್ಯದಲ್ಲಿಯೇ ತಂದೆತಾಯಿಗಳು ತೀರಿಕೊಂಡರು. 1630ರ ಸುಮಾರಿನ ಘೋರ ಕ್ಷಾಮದಲ್ಲಿ ಮೊದಲ ಪತ್ನಿ ರಖುಮಾಯಿ ಅನ್ನವಿಲ್ಲದೆ ಪ್ರಾಣ ಬಿಟ್ಟಳು, ಮಗನೂ ಉಳಿಯಲಿಲ್ಲ. ವ್ಯಾಪಾರವು ನೆಲಕಚ್ಚಿತು.

ಅನಂತರ ಅವರು ಮಾಡಿದ ಕಾರ್ಯವೊಂದು, ದಿನವಿಡೀ ಸಾಲಪತ್ರಗಳ ನಡುವೆ ಕುಳಿತಿರುವ ನನ್ನಂತಹ ಬ್ಯಾಂಕ್ ಗುಮಾಸ್ತನನ್ನು ಬೆರಗುಗೊಳಿಸುತ್ತದೆ. ಮನೆಯಲ್ಲಿದ್ದ ಸಾಲಪತ್ರಗಳಲ್ಲಿ ಅರ್ಧವನ್ನು ತಮ್ಮನಾದ ಕಾನ್ಹೋಬನಿಗೆ ಒಪ್ಪಿಸಿ, ತಮ್ಮ ಪಾಲಿನವುಗಳನ್ನು ಇಂದ್ರಾಯಣಿಯ ಪಾಲು ಮಾಡಿದರು. ಬರತಕ್ಕ ಬಾಕಿಯೆಲ್ಲವೂ ಹಾಗೆಯೇ ತೀರಿಹೋಯಿತು!

ಅವರ ಕೀರ್ತನೆಗೆ ಜನ ಸೇರತೊಡಗಿದಂತೆ ಅಸೂಯೆಯೂ ಬೆಳೆಯಿತು. ಮಂಬಾಜಿ ಎಂಬ ಗೋಸಾವಿಯು ಮುಳ್ಳಿನ ಕೊಂಬೆಯಿಂದ ಅವರನ್ನು ಬಡಿದನು. ಅಂದು ರಾತ್ರಿ ಅವನು ಕೀರ್ತನೆಗೆ ಬಾರದಿರಲು, ತುಕಾರಾಮರೇ ಅವನ ಬಳಿಗೆ ಹೋಗಿ, ಹೊಡೆದು ದಣಿದ ಅವನ ಕೈಕಾಲುಗಳನ್ನೊತ್ತಿ ಕರೆತಂದರಂತೆ.

ಆದರೆ ಮೈಮೇಲಿನ ಪೆಟ್ಟನ್ನು ಸಹಿಸುವುದು ಬೇರೆ, ಬಾಳಿನ ಸಾರವನ್ನೇ ಕಳೆದುಕೊಳ್ಳುವುದು ಬೇರೆ. ವಾಘೋಲಿಯ ವಿದ್ವಾಂಸ ರಾಮೇಶ್ವರಭಟ್ಟರು, ಶೂದ್ರನೊಬ್ಬನು ವೇದಾರ್ಥವನ್ನು ದೇಶಭಾಷೆಯಲ್ಲಿ ನುಡಿಯುವುದು ಸಲ್ಲದೆಂದು ಆಕ್ಷೇಪಿಸಿ, ಅಭಂಗಗಳನ್ನು ನೀರಿಗೆ ಹಾಕುವಂತೆ ವಿಧಿಸಿದರು. ತುಕಾರಾಮರು ಮರುಮಾತಾಡದೆ ಹೊತ್ತಿಗೆಗಳನ್ನು ಕಟ್ಟಿ ಇಂದ್ರಾಯಣಿಯಲ್ಲಿ ಮುಳುಗಿಸಿದರು. ಹಿಂದೆ ಸಾಲಪತ್ರಗಳನ್ನು ಮುಳುಗಿಸಿದ ನದಿಯೇ ಅದು.

ಅವರ ಮೌನವನ್ನು ದೌರ್ಬಲ್ಯವೆಂದು ತಿಳಿಯಲಾಗದು. ಅವರು ದೇವಾಲಯದೆದುರಿನ ಶಿಲೆಯ ಮೇಲೆ ಅನ್ನನೀರು ತೊರೆದು ಕುಳಿತರು. ಭಟ್ಟರನ್ನು ಶಪಿಸಲಿಲ್ಲ, ಅವರ ವಿರುದ್ಧ ಶಿಷ್ಯರನ್ನು ಎತ್ತಿಕಟ್ಟಲಿಲ್ಲ. ಕೋಪವೆಲ್ಲ ವಿಠ್ಠಲನ ಮೇಲೆ! ಇದು ನಿನ್ನ ಕೆಲಸ, ನೀನೇ ತೀರ್ಮಾನಿಸು ಎಂಬ ಹಟ. ಹೀಗೆ 13 ದಿನಗಳು ಕಳೆದ ಮೇಲೆ ಹೊತ್ತಿಗೆಗಳು ಒದ್ದೆಯಾಗದೆ ತೇಲಿಬಂದವೆಂಬುದು ಭಕ್ತರ ಶ್ರದ್ಧೆ. ಅನ್ನವನ್ನು ತೊರೆದು, ನ್ಯಾಯಕ್ಕಾಗಿ ದೇವರನ್ನೊಬ್ಬನನ್ನೇ ನಂಬಿ ಕುಳಿತವನ ಆ 13 ರಾತ್ರಿಗಳೇ ನನಗೆ ಪವಾಡಕ್ಕಿಂತ ದೊಡ್ಡದಾಗಿ ತೋರುತ್ತವೆ.

ಇತ್ತ ರಾಮೇಶ್ವರಭಟ್ಟರಿಗೆ ಫಕೀರನೊಬ್ಬನ ಶಾಪದಿಂದ ಸರ್ವಾಂಗದಲ್ಲಿ ಉರಿ ಹತ್ತಿತೆಂದು ಸಂತಚರಿತ್ರಕಾರ ಮಹೀಪತಿಯ ಪರಂಪರೆ ಹೇಳುತ್ತದೆ. ಭಟ್ಟರು ಆಳಂದಿಗೆ ಬಂದು ಜ್ಞಾನೇಶ್ವರರ ಸಮಾಧಿಯನ್ನು ಸೇವಿಸಲು, ತುಕಾರಾಮರಲ್ಲಿಗೆ ಹೋಗುವಂತೆ ಸ್ವಪ್ನದಲ್ಲಿ ಅಪ್ಪಣೆಯಾಯಿತು. ಶತ್ರುವಿಗೆ ತಕ್ಕ ಶಾಸ್ತಿಯಾಯಿತೆಂದು ಹಿಗ್ಗಲು ಅದು ಸಕಾಲವಾಗಿತ್ತು. ಲೋಕದ ನಾವಾಗಿದ್ದರೆ ಅಷ್ಟನ್ನಾದರೂ ಅನುಭವಿಸದೆ ಬಿಡುತ್ತಿರಲಿಲ್ಲ. ತುಕಾರಾಮರಾದರೋ ಅವರ ತಾಪಶಮನಕ್ಕಾಗಿ ಒಂದು ಅಭಂಗವನ್ನು ಬರೆದು ಕಳುಹಿಸಿದರು. ಅದನ್ನು ಓದುತ್ತಲೇ ಭಟ್ಟರ ಉರಿ ತಣಿಯಿತು.

1650ರಲ್ಲಿ ತುಕಾರಾಮರು ವೈಕುಂಠವಾಸಿಗಳಾದರು. ಅಷ್ಟರಲ್ಲಿ ರಾಮೇಶ್ವರಭಟ್ಟರು ಅವರ ಶಿಷ್ಯರಲ್ಲಿ ಒಬ್ಬರಾಗಿದ್ದರು. ಅಭಂಗಗಳನ್ನು ನೀರಿಗೆ ಹಾಕಿಸಿದ ಆ ಪಂಡಿತರು ಗುರುವನ್ನು ಕುರಿತು ರಚಿಸಿದ ಆರತಿಯನ್ನು ವಾರಕರಿಗಳು ಇಂದಿಗೂ ಹಾಡುತ್ತಾರೆ.