ಅಮೀರಬಾಯಿ ಕರ್ನಾಟಕಿ

ಕಲಾವಿದರು ತಮ್ಮ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದರೆ ಒಂದು ಊರಿನದಲ್ಲ, ಇಡೀ ನಾಡಿನ ಹೆಸರನ್ನೇ ಧರಿಸಿ ಪರಪ್ರಾಂತದಲ್ಲಿ ಕೀರ್ತಿ ಪಡೆದವರು ವಿರಳ. ಅಂಥ ವಿರಳರಲ್ಲಿ ಗಾಯಕಿ ಹಾಗೂ ನಟಿ ಅಮೀರಬಾಯಿ ಕರ್ನಾಟಕಿಯವರು ಒಬ್ಬರು. ಅವರು ಆ ಹೆಸರಿನಿಂದ ಮುಂಬಯಿಯಲ್ಲಿ ಮೆರೆಯುತ್ತಿದ್ದಾಗ ಭೂಪಟದಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ನಮ್ಮ ಸಿರುಗುಪ್ಪ, ಬಳ್ಳಾರಿಗಳು ಮದರಾಸಿಗೆ ಸೇರಿದ್ದವು. ತುಂಗಭದ್ರೆಯ ಆಚೆಯ ದಂಡೆ ನಿಜಾಮರದಾಗಿತ್ತು. ವಿಜಾಪುರ, ಧಾರವಾಡಗಳು ಮುಂಬಯಿ ಆಧಿಪತ್ಯದಲ್ಲಿದ್ದವು. ಹರಿದು ಹಂಚಿಹೋದ ನಾಡಿನ ಹೆಸರನ್ನು ಈ ಮಹಿಳೆ ಗ್ರಾಮೋಫೋನ್ ತಟ್ಟೆಗಳ ಮೇಲೂ ಚಿತ್ರಪಟಗಳ ಮೇಲೂ ಅಚ್ಚೊತ್ತಿಸಿದರು.

ಅಮೀರಬಾಯಿಯವರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬೀಳಗಿಯಲ್ಲಿ ಜನಿಸಿದರು. ಅಂದು ವಿಜಾಪುರ ಜಿಲ್ಲೆಯಲ್ಲಿದ್ದ ಆ ಊರು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಸಂಗೀತ, ನಾಟಕಗಳ ಬಳಕೆಯಿದ್ದ ಮುಸಲ್ಮಾನ ಮನೆತನ ಅವರದು. ಅಕ್ಕ ಗೋಹರಬಾಯಿಯವರೂ ಗಾಯಕಿ, ನಟಿ. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಮುಂದೆ ಅವರ ಬಾಳಸಂಗಾತಿಯಾದವರು ಈ ಗೋಹರಬಾಯಿಯವರೇ.

ಅಂದಿನ ರಂಗಭೂಮಿಯ ಸ್ಥಿತಿಯನ್ನು ಅರಿತರೆ ಈ ಸೋದರಿಯರ ಸಾಹಸದ ಬೆಲೆ ತಿಳಿದೀತು. ಕಂಪನಿ ನಾಟಕವೆಂದರೆ ಮುಖ್ಯವಾಗಿ ಸಂಗೀತ. ಪಾತ್ರಧಾರಿಯೇ ಹಾಡಬೇಕು, ಹಾಡಿನಲ್ಲಿಯೇ ಅಳಬೇಕು, ನಗಬೇಕು. ಧ್ವನಿವರ್ಧಕದ ನೆರವಿಲ್ಲದೆ ಹಿಂದಿನ ಸಾಲಿನವರೆಗೂ ದನಿ ಮುಟ್ಟಬೇಕು. ಪಾಶ್ಚಾತ್ಯರ ಆಪೆರಾಕ್ಕೂ ನಮ್ಮ ಸಂಗೀತ ನಾಟಕಕ್ಕೂ ಇರುವ ಸಾಮ್ಯ ಇದೇ. ಆದರೆ ನಮ್ಮಲ್ಲಿ ಸ್ತ್ರೀಪಾತ್ರವನ್ನು ಬಹುಕಾಲ ಗಂಡಸರೇ ವಹಿಸುತ್ತಿದ್ದರು. ಬಾಲಗಂಧರ್ವರ ಕೀರ್ತಿಗೂ ಸ್ತ್ರೀಪಾತ್ರಗಳೇ ಕಾರಣ. ಹೆಣ್ಣಿನ ಪಾತ್ರವನ್ನು ಹೆಣ್ಣೇ ವಹಿಸಬೇಕೆಂದು ನಮ್ಮ ಬಳ್ಳಾರಿಯ ರಾಘವಾಚಾರ್ಯರು ಹೇಳಿದ್ದು ಆ ಕಾಲಕ್ಕೆ ದೊಡ್ಡ ಮಾತು. ರಂಗಕ್ಕೆ ಬಂದ ಹೆಣ್ಣಿನ ಹಾಡಿಗೆ ಚಪ್ಪಾಳೆ ಸಿಗುತ್ತಿತ್ತು, ಅವಳ ಬಾಳಿಗೆ ಮರ್ಯಾದೆ ಸಿಗುತ್ತಿರಲಿಲ್ಲ.

ಇನ್ನೂ ಎಳೆಯ ವಯಸ್ಸಿನಲ್ಲಿಯೇ ಅಮೀರಬಾಯಿಯವರು ಮುಂಬಯಿಯನ್ನು ಸೇರಿದರು. ಅಲ್ಲಿ ಗ್ರಾಮೋಫೋನ್ ಕಂಪನಿಯವರು ಅವರ ಕಂಠವನ್ನು ಮೆಚ್ಚಿ ಒಂದು ಕವ್ವಾಲಿಯನ್ನು ಮುದ್ರಿಸಿಕೊಂಡರು, ಅದು ಜನಪ್ರಿಯವಾಯಿತು. ಅಕ್ಕನ ನೆರವಿನಿಂದ ೧೯೩೪ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರವೂ ದೊರೆಯಿತು. ಆಗ ಚಲನಚಿತ್ರವೂ ನಾಟಕದ ಜಾಡನ್ನೇ ಹಿಡಿದಿತ್ತು. ಕ್ಯಾಮರಾದ ಮುಂದೆ ನಟಿಸುವವರೇ ಅಲ್ಲಿಯೇ ಹಾಡಬೇಕಾಗಿತ್ತು. ರಂಗದ ಗಾಯಕಿಯರಿಗೆ ಬೇಡಿಕೆ ಬಂದುದು ಇದರಿಂದಲೇ. ೧೯೪೦ರಲ್ಲಿ ಬಂದ ‘ನರಸೀ ಭಗತ್’ ಚಿತ್ರದಲ್ಲಿಯೂ ಅವರು ಅಭಿನಯಿಸಿದರು.

ಅಷ್ಟರಲ್ಲಿ ಒಂದು ಹೊಸ ತಂತ್ರ ಬಂದಿತ್ತು. ೧೯೩೫ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆಗೆ ಅದನ್ನು ನುಡಿಸಿ, ನಟರಿಂದ ತುಟಿಯಾಡಿಸುವ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದರು. ಕಂಠ ಒಬ್ಬರದು, ಮುಖ ಇನ್ನೊಬ್ಬರದು! ಈ ತಂತ್ರವೇ ಅಮೀರಬಾಯಿಯವರನ್ನು ಶಿಖರಕ್ಕೇರಿಸಿತು. ಬಾಂಬೆ ಟಾಕೀಸ್‌ನ ‘ಕಿಸ್ಮತ್’ ೧೯೪೩ರಲ್ಲಿ ತೆರೆಕಂಡಿತು. ಕಥೆಯ ನಾಯಕಿ ರಂಗದ ಗಾಯಕಿ, ಕಾಲಿಗೆ ಊನವಾದವಳು. ತೆರೆಯ ಮೇಲೆ ಕಂಡವರು ಮುಮ್ತಾಜ್ ಶಾಂತಿ. ಕೇಳಿಸಿದ ಕಂಠ ಅಮೀರಬಾಯಿಯವರದು. ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅವರು ಮೋಡವನ್ನು ಮೆಲ್ಲಗೆ ಬರಹೇಳುವ ಜೋಗುಳದಂಥ ಹಾಡನ್ನೂ, ಹಿಂದೂಸ್ಥಾನ ನಮ್ಮದು, ಪರಕೀಯರು ದೂರ ಸರಿಯಲಿ ಎಂದು ಸಾರುವ ಕವಿ ಪ್ರದೀಪರ ಗೀತವನ್ನೂ ಹಾಡಿದರು. ಹಿಂದಿನ ವರ್ಷವಷ್ಟೇ ಚಲೇಜಾವ್ ಚಳವಳಿ ನಡೆದಿತ್ತು, ಗಾಂಧೀಜಿ ಸೆರೆಯಲ್ಲಿದ್ದರು. ಜನ ಆ ಗೀತಕ್ಕೆ ಮೈಮರೆತುದರಲ್ಲಿ ಆಶ್ಚರ್ಯವೇನು? ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.

ಮರುವರ್ಷ ನೌಷಾದರ ‘ರತನ್’ ಚಿತ್ರದಲ್ಲಿ ಹಾಡಿದರು. ೧೯೪೬ರಲ್ಲಿ ‘ರಾಣಕದೇವಿ’ಯ ಹಾಡಿನಿಂದ ಗುಜರಾತಿಗಳ ಮನೆಮಾತಾದರು. ೧೯೪೮ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಸಂಗೀತ ನಿರ್ದೇಶನವು ಬಹುಮಟ್ಟಿಗೆ ಗಂಡಸರ ಕ್ಷೇತ್ರವಾಗಿದ್ದ ದಿನಗಳಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಹೊರಗೆ ಇಷ್ಟು ಬೆಳಕಿದ್ದರೂ ಮನೆಯೊಳಗೆ ಕತ್ತಲೆಯಿತ್ತು. ಚಿತ್ರನಟರೊಬ್ಬರೊಡನೆ ಆದ ಮೊದಲ ವಿವಾಹ ಅವರಿಗೆ ಹಿಂಸೆಯನ್ನಷ್ಟೇ ತಂದಿತು. ಆ ಬಂಧನದಿಂದ ಅವರು ಕಷ್ಟಪಟ್ಟು ಬಿಡಿಸಿಕೊಳ್ಳಬೇಕಾಯಿತು. ಎರಡನೆಯ ವಿವಾಹದಲ್ಲಿ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರೊಡನೆ ನೆಮ್ಮದಿ ದೊರೆಯಿತು.

ಯಾವ ತಂತ್ರ ಅವರನ್ನು ಮೇಲೇರಿಸಿತೋ ಅದೇ ತಂತ್ರ ಅವರನ್ನು ಬದಿಗೂ ಸರಿಸಿತು. ಕಂಠವನ್ನೂ ಮುಖವನ್ನೂ ಬೇರೆಮಾಡಬಹುದೆಂದ ಮೇಲೆ ನಿರ್ಮಾಪಕರಿಗೆ ತಮಗೆ ಬೇಕಾದ ಕಂಠವನ್ನು ಆರಿಸಿಕೊಳ್ಳುವುದು ಸುಲಭವಾಯಿತು. ಮೈಕಿನ ಮುಂದೆ ರಂಗದ ತುಂಬುಕಂಠಕ್ಕಿಂತ ನವಿರಾದ ದನಿ ಸೊಗಸೆನಿಸಿತು. ೧೯೪೯ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳೊಡನೆ ಲತಾ ಮಂಗೇಶಕರ ಯುಗ ಮೊದಲಾಯಿತು. ಅಮೀರಬಾಯಿಯವರು ಮರಳಿ ಅಭಿನಯದ ಕಡೆ ತಿರುಗಿ, ತಾಯಿ, ನೆರೆಯಾಕೆ ಮೊದಲಾದ ಪೋಷಕ ಪಾತ್ರಗಳನ್ನು ವಹಿಸುತ್ತ ಬಂದರು. ಎಷ್ಟೋ ನಾಯಕಿಯರಿಗೆ ತಮ್ಮ ಕಂಠವನ್ನು ಕೊಟ್ಟವರು ಈಗ ಹಾಡಿಲ್ಲದ ಪಾತ್ರಗಳಲ್ಲಿ ನಿಂತರು. ಆದರೂ ಕಸುಬನ್ನು ಬಿಡಲಿಲ್ಲ.

೧೯೬೫ರ ಮಾರ್ಚ್ ೩ರಂದು ಪಾರ್ಶ್ವವಾಯುವಿನಿಂದ ಅವರು ತೀರಿಕೊಂಡರು. ಅವರನ್ನು ಮಣ್ಣುಮಾಡಿದ್ದು ಮುಂಬಯಿಯಲ್ಲಲ್ಲ, ವಿಜಾಪುರದಲ್ಲಿ. ಆ ಊರಿನ ಅಮೀರ್ ಟಾಕೀಸ್ ಅವರ ಹೆಸರನ್ನು ಹೊತ್ತ ಚಿತ್ರಮಂದಿರ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ, ಅವರು ಕಣ್ಮುಚ್ಚಿ ಎಂಟು ವರ್ಷಗಳ ನಂತರ.

ದೂರದ ನಾರ್ವೆ ದೇಶದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ಆಪೆರಾ ಗಾಯಕಿಯಿದ್ದರು. ಅಮೀರಬಾಯಿಯವರ ಮೊದಲ ಚಿತ್ರ ಬಂದ ಮರುವರ್ಷ, ೧೯೩೫ರಲ್ಲಿ, ಆಕೆ ನ್ಯೂಯಾರ್ಕಿನ ರಂಗದಲ್ಲಿ ಹಾಡಿ ಜಗತ್ಪ್ರಸಿದ್ಧರಾದರು. ಆಪೆರಾದಲ್ಲಿ ಕಂಠವೂ ಮುಖವೂ ಬೇರೆಯಾಗಲಿಲ್ಲ. ಕೇಳಿದವರು ಆಕೆಯನ್ನು ಕಣ್ಣಾರೆ ಕಂಡರು. ೧೯೬೨ರಲ್ಲಿ ಆಕೆ ತೀರಿಕೊಂಡ ಮೇಲೆ ಆ ದೇಶದವರು ಆಕೆಯ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ೧೯೯೭ರಲ್ಲಿ ತಮ್ಮ ನೂರು ಕ್ರೋನರ್ ನೋಟಿನ ಮೇಲೆ ಆಕೆಯ ಚಿತ್ರವನ್ನು ಮುದ್ರಿಸಿದರು. ನಾಡಿನ ಹೆಸರನ್ನೇ ಹೊತ್ತ ನಮ್ಮ ಗಾಯಕಿಯ ಮುಖವನ್ನು ಗುರುತಿಸಬಲ್ಲವರು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿ?

ನೋಟಿನ ಮೇಲೆ ಚಿತ್ರ ಅಚ್ಚೊತ್ತುವುದು ನಮ್ಮ ಕೈಯಲ್ಲಿಲ್ಲ. ಆದರೆ ‘ಕಿಸ್ಮತ್’ನ ಹಾಡು ಎಲ್ಲಿಯಾದರೂ ಕಿವಿಗೆ ಬಿದ್ದಾಗ, ಹಾಡಿದವರು ಬೀಳಗಿಯವರೆಂದು ಪಕ್ಕದವರಿಗೆ ಹೇಳುವುದು ನಮ್ಮ ಕೈಯಲ್ಲಿದೆ. ಆಕೆ ನಮ್ಮ ಹೆಸರನ್ನು ಜೀವಮಾನವಿಡೀ ಹೊತ್ತರು; ನಾವು ಆಕೆಯ ಹೆಸರನ್ನು ಅಷ್ಟಾದರೂ ನೆನೆಯಬೇಡವೇ?